ಕೊಂಬಿಲ್ಲದ ಚಿತ್ರಗಳು

ಗ್ರೇವಿ ಓಡಿಹೋದದ್ದು ಯಾರ ತಪ್ಪು ಎಂಬ ಬಗ್ಗೆ ಹಾಲ್ವರ್ಸನ್ ದಂಪತಿಗಳಲ್ಲಿ ಎರಡು ಅಭಿಪ್ರಾಯಗಳಿದ್ದವು. ಎರಡೂ ಆರ್ಡಿಸ್‌ಳವೇ. ಒಂದು, ಹಿತ್ತಲಲ್ಲಿ ಬಂದೂಕಿನ ಗುರಿ ಸರಿಮಾಡಿಕೊಳ್ಳುವ ಮುಂಚೆ ಅವಳ ಗಂಡ ಮರ್ಲಿನ್ ನಾಯಿ ಎಲ್ಲಿದೆ ಎಂದು ನೋಡಬೇಕಿತ್ತು. ಇನ್ನೊಂದು, ನೋಡಿದ್ದರೂ ಅವನಿಗೆ ಕಾಣುತ್ತಿರಲಿಲ್ಲ. ಮೊದಲ ಗುಂಡಿಗೆ ಗ್ರೇವಿ ಬೇಲಿ ಹಾರಿತ್ತು, ಎರಡನೆಯದಕ್ಕೆ ಕಾಡು ಸೇರಿತ್ತು. ಮೂರನೆಯದನ್ನು ಹಾರಿಸುವಷ್ಟರಲ್ಲಿ ಆರ್ಡಿಸ್ ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದಿದ್ದಳು.

ಅದು ನವೆಂಬರ್ ತಿಂಗಳ ಒಂದು ಮಂಗಳವಾರ. ಮುಂದಿನ ವಾರದ ಶನಿವಾರ ಜಿಂಕೆ ಬೇಟೆ ಶುರು. ವಿಸ್ಕಾನ್ಸಿನ್‌ನ ಆ ಉತ್ತರದ ಮೂಲೆಯಲ್ಲಿ ಆ ಶನಿವಾರ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಸಾಯುವವರು ಕೂಡ ಒಂದು ವಾರ ಆಚೆ ಈಚೆ ನೋಡಿಕೊಳ್ಳುತ್ತಾರೆ. ಬೆಳಕು ಹರಿಯುವಷ್ಟರಲ್ಲಿ ಊರಿನ ಗಂಡಸರೆಲ್ಲ, ಒಬ್ಬರ ಗುಂಡು ಇನ್ನೊಬ್ಬರಿಗೆ ತಗುಲದಿರಲೆಂದು ಕಿತ್ತಳೆ ಅಂಗಿ ತೊಟ್ಟು, ಮರಕ್ಕೊಬ್ಬರಂತೆ ಬಂದೂಕು ಹಿಡಿದು ಕೂತಿರುತ್ತಾರೆ. ಕಂದು ಬಣ್ಣದ್ದು, ನಾಲ್ಕು ಕಾಲಿನದು, ಪೊದೆಯ ಹಿಂದೆ ಅಲ್ಲಾಡಿದರೆ ಮೊದಲು ಬಂದೂಕಿನ ಕುದುರೆ ಎಳೆದು ಆಮೇಲೆ ಯೋಚಿಸುವವರೂ ಅವರಲ್ಲಿ ಇಬ್ಬರು ಮೂವರಿದ್ದರು. ಗ್ರೇವಿಯ ಮೈಬಣ್ಣ ಅದರ ಹೆಸರಿನಲ್ಲೇ ಇತ್ತು, ಮಾಂಸದ ಸಾರಿನ ಕಂದು. ಎತ್ತರದಲ್ಲಿ ಕರು, ಧೈರ್ಯದಲ್ಲಿ ಇಲಿಮರಿ. ಹನ್ನೊಂದು ದಿನದೊಳಗೆ ಅದು ಮನೆ ಸೇರದಿದ್ದರೆ ಏನಾಗುತ್ತದೆ ಎಂಬುದನ್ನು ಆರ್ಡಿಸ್ ಮನಸ್ಸಿನಲ್ಲಿ ಕೂಡ ಪೂರ್ತಿ ಹೇಳಿಕೊಳ್ಳುತ್ತಿರಲಿಲ್ಲ.

ಕಳೆದುಹೋದ ನಾಯಿಗಳನ್ನು ಹುಡುಕಿಕೊಡುವ ಗ್ಲೆಂಡಾ ಎಂಬಾಕೆ ಪಕ್ಕದ ಪಟ್ಟಣದಲ್ಲಿದ್ದಳು. ಬುಧವಾರ ಆರ್ಡಿಸ್ ಅವಳಿಗೆ ಫೋನ್ ಮಾಡಿದಳು. ಗ್ಲೆಂಡಾ ಮಾತು ಶುರುಮಾಡಿದ್ದೇ ಬೈಗುಳದಂತೆ.

"ಹೆಸರು ಹಿಡಿದು ಕೂಗ್ಬೇಡಿ, ಅಟ್ಟಿಸ್ಕೊಂಡು ಹೋಗ್ಬೇಡಿ. ಹೆದರಿದ ನಾಯಿಗೆ ಸಾಕಿದವರೂ ತೋಳದ ಥರಾನೇ ಕಾಣೋದು. ಮೊದ್ಲು ಕ್ಯಾಮೆರಾ ಕಟ್ಟಿ, ಎಲ್ಲಿ ಓಡಾಡತ್ತೆ ನೋಡ್ಕೊಳ್ಳಿ. ಆಮೇಲೆ ಅಲ್ಲಿಗೆ ಹೋಗಿ, ಬೆನ್ನು ತಿರುಗಿಸಿ ನೆಲದ ಮೇಲೆ ಕೂತ್ಕೊಳ್ಳಿ. ಬರೋದಾದ್ರೆ ಅದೇ ಬರತ್ತೆ. ಕಾಡಿಗೆ ಕಟ್ಟೋ ಕ್ಯಾಮೆರಾ ಇದ್ಯಾ ನಿಮ್ಮ ಹತ್ರ?"

ಆರ್ಡಿಸ್‌ಗೆ ಅಳುವಿನ ನಡುವೆಯೂ ನಗು ಬಂತು. ಊರಿನ ಜನಸಂಖ್ಯೆ ನಾನೂರು. ಜಿಂಕೆಯ ಜಾಡು ತಿಳಿಯಲು ಬೇಟೆಗಾರರು ಕಾಡಿನಲ್ಲಿ ಮರಗಳಿಗೆ ಕಟ್ಟಿದ, ಎದುರಿಗೆ ಏನೇ ಅಲ್ಲಾಡಿದರೂ ತಾವಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳು ಕಡಿಮೆಯೆಂದರೂ ಆರುನೂರು. ಅದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯ ಗಲ್ಲಾದಲ್ಲಿ ಕೂತು ಆ ಕ್ಯಾಮೆರಾಗಳಿಗೆಲ್ಲ ಬ್ಯಾಟರಿ, ಮೆಮೊರಿ ಕಾರ್ಡು ಮಾರುವವಳು ಅವಳೇ. ಮರ್ಲಿನ್ ಒಬ್ಬನದೇ ಹನ್ನೊಂದು ಕ್ಯಾಮೆರಾ. ಇಷ್ಟು ಕಣ್ಣುಗಳ ನಡುವೆ ಕರುವಿನಷ್ಟು ದೊಡ್ಡ ನಾಯಿ ಎಲ್ಲಿ ತಪ್ಪಿಸಿಕೊಂಡೀತು ಎಂದುಕೊಂಡಳು.

ಗ್ರೇವಿಯ ಫೋಟೋ ಹಾಕಿ ಅಂಗಡಿ ಬಾಗಿಲಿಗೆ ಚೀಟಿ ಅಂಟಿಸಿದಳು. ಬಂದವರನ್ನೆಲ್ಲ ಕೇಳಿದಳು. ಎಲ್ಲರೂ ಟೋಪಿ ತೆಗೆದು, ಅಯ್ಯೋ ಪಾಪ ಎಂದರು, ಕ್ಯಾಮೆರಾದಲ್ಲಿ ಏನೂ ಬಿದ್ದಿಲ್ಲ ಎಂದರು. ನಿಮ್ಮ ಕ್ಯಾಮೆರಾ ಎಲ್ಲೆಲ್ಲಿದೆ ಹೇಳಿ, ನಾನೇ ನೋಡುತ್ತೇನೆ ಎಂದರೆ ಮಾತ್ರ ಟೋಪಿ ಮತ್ತೆ ತಲೆಗೇರುತ್ತಿತ್ತು. ಅಲ್ಲಿಯ ಗಂಡಸನ್ನು ಸಂಬಳ ಕೇಳಬಹುದು, ಹೆಂಡತಿಯ ವಯಸ್ಸು ಕೇಳಬಹುದು, ಮೂಲವ್ಯಾಧಿ ಹೇಗಿದೆ ಎಂದೂ ಕೇಳಬಹುದು. ಕ್ಯಾಮೆರಾ ಯಾವ ಮರದಲ್ಲಿದೆ ಎಂದು ಮಾತ್ರ ಕೇಳಬಾರದು. ಮದುವೆಯಾಗಿ ನಲವತ್ತೊಂದು ವರ್ಷವಾದರೂ ಮರ್ಲಿನ್ ತಾನು ಎಲ್ಲಿ ಬೇಟೆಗೆ ಕೂರುತ್ತೇನೆಂದು ಆರ್ಡಿಸ್‌ಗೆ ಹೇಳಿರಲಿಲ್ಲ. ಅಲ್ಲೇ ಬಿದ್ದು ಸತ್ತರೆ ಹೆಣ ಎಲ್ಲಿ ಹುಡುಕಬೇಕು ಎಂದು ಅವಳು ಒಮ್ಮೆ ಕೇಳಿದ್ದಕ್ಕೆ, ಹುಡುಕಬೇಡ ಎಂದಿದ್ದ.

ಮನೆಯಲ್ಲಿ ಅವಳಿಗೆ ಸಂಜೆ ಆರು ಗಂಟೆ ಕಷ್ಟವಾಗುತ್ತಿತ್ತು. ಅದು ಗ್ರೇವಿಯ ಊಟದ ಹೊತ್ತು. ಅಂಗಡಿಯಲ್ಲಿ ಸಿಗುವ ನಾಯಿತಿಂಡಿಯಲ್ಲಿ ಕಂದು ಕಾಳಿನ ಜೊತೆ ಹಸಿರು ಕಾಳೂ ಬೆರೆತಿರುತ್ತವೆ. ಗ್ರೇವಿ ಹಸಿರನ್ನು ತಿನ್ನುವುದಿಲ್ಲ, ಒಂದೊಂದನ್ನೇ ನಾಲಿಗೆಯಿಂದ ಬೇರೆಮಾಡಿ ಮನೆತುಂಬ ಉಗುಳುತ್ತದೆ. ಅದಕ್ಕಾಗಿ ಆರ್ಡಿಸ್ ಆರು ವರ್ಷಗಳಿಂದ ದಿನಾ ಅಡುಗೆಮನೆಯ ನೆಲದ ಮೇಲೆ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಹಸಿರು ಕಾಳುಗಳನ್ನು ಆರಿಸಿ ಹಳೆಯ ಕಾಫಿ ಡಬ್ಬಿಗೆ ಹಾಕುತ್ತಿದ್ದಳು. ಟಣ್ ಟಣ್ ಎಂಬ ಸದ್ದಿಗೆ ಗ್ರೇವಿ ಎಲ್ಲಿದ್ದರೂ ಬಂದು ಅವಳ ಹೆಗಲ ಮೇಲೆ ಗದ್ದ ಇಟ್ಟು ಕಾಯುತ್ತಿತ್ತು. ಈಗ ಆರು ಗಂಟೆಗೆ ಕೈ ತಾನಾಗಿ ಡಬ್ಬಿಯ ಕಡೆ ಹೋಗುತ್ತಿತ್ತು. ಹೆಗಲು ಖಾಲಿ.

ಶುಕ್ರವಾರ ಸಂಜೆ ಮರ್ಲಿನ್ ಕ್ಯಾಮೆರಾಗಳಿಂದ ತಂದ ಕಾರ್ಡುಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಲ್ಯಾಪ್‌ಟಾಪಿಗೆ ಹಾಕಿ ಚಿತ್ರ ನೋಡುತ್ತಿದ್ದ. ಆರ್ಡಿಸ್ ಅವನ ಹಿಂದೆ ಬಂದು ನಿಂತಳು. ಇಷ್ಟು ವರ್ಷದಲ್ಲಿ ಅವಳು ಆ ಕೆಲಸವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹೆಣ್ಣು ಜಿಂಕೆ ಬಂತು, ಅವನ ಬೆರಳು ಟಕ್ ಎಂದಿತು, ಚಿತ್ರ ಅಳಿಯಿತು. ರಕೂನ್ ಬಂತು, ಟಕ್. ಕಾಡುಕೋಳಿ, ಟಕ್. ಮತ್ತೆ ಹೆಣ್ಣು ಜಿಂಕೆ, ಟಕ್. ಒಂದು ಕಂದು ಬಾಲ, ನೀಲಿ ಕೊರಳಪಟ್ಟಿ...

ಆರ್ಡಿಸ್ ಅವನ ಮಣಿಕಟ್ಟು ಹಿಡಿದಳು. ಗುರುವಾರ ಬೆಳಿಗ್ಗೆ ಒಂಬತ್ತು ಹನ್ನೆರಡರ ಚಿತ್ರ. ಗ್ರೇವಿಯೇ.

"ಇದಕ್ಕೆ ಮುಂಚೆ ಎಷ್ಟು ಅಳಿಸ್ದೆ?" ಎಂದು ಕೇಳಿದಳು.

"ಅದನ್ನೆಲ್ಲ ಯಾರ್ ನೋಡ್ತಾರೆ?" ಎಂದ ಮರ್ಲಿನ್, ನಿಜವಾಗಿಯೂ ಗೊಂದಲಗೊಂಡು. "ಕೊಂಬಿರ್ಲಿಲ್ಲ."

ಆಗ ಆರ್ಡಿಸ್‌ಗೆ ಎಲ್ಲ ಅರ್ಥವಾಯಿತು. ಊರಿನ ಗಂಡಸರು ಸುಳ್ಳು ಹೇಳಿರಲಿಲ್ಲ. ಆರುನೂರು ಕ್ಯಾಮೆರಾಗಳ ಮುಂದೆ ಗ್ರೇವಿ ನಾಲ್ಕು ದಿನದಿಂದ ಮೆರವಣಿಗೆ ಹೊರಟಿದ್ದಿರಬಹುದು. ಕೊಂಬಿಲ್ಲದ್ದು ಅವರ ಕಣ್ಣಿಗೆ ಬೀಳುವ ಮೊದಲೇ ಬೆರಳಿಗೆ ಸಿಕ್ಕಿ ಅಳಿದುಹೋಗುತ್ತಿತ್ತು. ಇದು ಯಾವ ಜಾಗ ಎಂದು ಅವಳು ಕೇಳಿದಳು. ಮರ್ಲಿನ್ ಕಾರ್ಡುಗಳನ್ನು ಬಾಚಿ ಎತ್ತಿಕೊಂಡ. ತುಂಬಾ ದೂರ, ನಾಳೆ ತಾನೇ ಹೋಗಿ ನೋಡಿ ಬರುತ್ತೇನೆ ಎಂದ. ಶನಿವಾರ ಬೆಳಿಗ್ಗೆ ಒಬ್ಬನೇ ಹೋದ, ಒಬ್ಬನೇ ಬಂದ. ಏನೂ ಇರಲಿಲ್ಲ ಎಂದು ಹೇಳಿ, ಟೋಪಿ ಕೂಡ ತೆಗೆಯದೆ ಶೆಡ್ಡಿಗೆ ಹೋಗಿಬಿಟ್ಟ. ಇನ್ನು ಬೇಟೆ ಶುರುವಾಗುವವರೆಗೆ ಅವನು ಆ ಕಡೆ ಕಾಲಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೊನೆಯ ವಾರ ಮನುಷ್ಯರ ವಾಸನೆ ಬಿದ್ದರೆ ಜಿಂಕೆ ಜಾಗ ಬಿಡುತ್ತದೆ ಎಂಬುದು ಅವರ ವೇದವಾಕ್ಯ.

ನಾಯಿಯ ಚಿತ್ರ ಬಿದ್ದರೆ ದಯವಿಟ್ಟು ಅಳಿಸಬೇಡಿ ಎಂದು ಅವಳು ಗಿರಾಕಿಗಳಿಗೆಲ್ಲ ಹೇಳಿ ನೋಡಿದಳು. ಎಲ್ಲರೂ ತಲೆಯಾಡಿಸಿದರು. ತಲೆ ಒಪ್ಪಿದರೇನು, ಬೆರಳು ಒಪ್ಪಬೇಕಲ್ಲ. ದಾರಿಗೆ ಬರದವರಿಗೆ ದಾರಿಯನ್ನೇ ತಿರುಗಿಸಬೇಕು ಎಂದುಕೊಂಡು, ಮಧ್ಯಾಹ್ನ ಡುವೇನ್ ಬರುವುದನ್ನೇ ಕಾದಳು.

ಡುವೇನ್ ಕೊವಾಲ್ಕಿ ನಿವೃತ್ತ ಸ್ಕೂಲ್ ಬಸ್ ಡ್ರೈವರ್. ಮರ್ಲಿನ್‌ನ ಬಾಲ್ಯದ ಗೆಳೆಯ, ಬೇಟೆಯಲ್ಲಿ ಬಾಲ್ಯದಿಂದಲೂ ಶತ್ರು. ಅವನ ಕಿವಿಗೆ ಒಂದು ಮಾತು ಹಾಕಿದರೆ ಡಂಗುರದವನಿಗೆ ಕೂಲಿ ಕೊಡುವ ಅಗತ್ಯವಿರಲಿಲ್ಲ. ಅವನು ಬ್ಯಾಟರಿ ಕೇಳಿದ. ಆರ್ಡಿಸ್ ಸುತ್ತ ನೋಡಿ, ಗಲ್ಲಾದ ಮೇಲೆ ಬಗ್ಗಿ ದನಿ ತಗ್ಗಿಸಿದಳು.

"ನಿನ್ನ ಹೊಟ್ಟೇಲೇ ಇರ್ಲಿ ಡುವೇನ್. ಮರ್ಲಿನ್ ಕ್ಯಾಮೆರಾದಲ್ಲಿ ಗ್ರೇವಿ ಬಿದ್ದಿದೆ. ಒಂದೇ ಅಲ್ಲ. ಬಿದ್ದಾಗೆಲ್ಲ ಅದ್ರ ಹಿಂದೇನೇ ಒಂದು ಗಂಡು ಜಿಂಕೆ. ಕೊಂಬಿಗೆ ಹದಿನಾಲ್ಕು ಕವಲು. ಪಿಂಚಣಿ ತಗೊಂಡ ಮುದುಕ್ರು ವಾಕಿಂಗ್ ಹೊರಟ ಹಾಗೆ ಜೊತೇಲೇ ಓಡಾಡ್ತವೆ."

ಡುವೇನ್ ಬ್ಯಾಟರಿಯನ್ನು ಕೆಳಗಿಟ್ಟ. "ಹದಿನಾಲ್ಕಾ?"

"ನಾನೇ ಎಣಿಸ್ದೆ. ಯಾರಿಗೂ ಹೇಳ್ಬೇಡ."

"ನನ್ನ ಬಾಯಿ ಎಂಥದ್ದು ಅಂತ ನಿಂಗ್ಗೊತ್ತಲ್ಲ," ಎಂದ ಡುವೇನ್. ಗೊತ್ತಿದ್ದರಿಂದಲೇ ಅವಳು ಅವನನ್ನು ಆರಿಸಿದ್ದು.

ಸಂಜೆಯ ಹೊತ್ತಿಗೆ ಅದು ಹದಿನಾರು ಕವಲಾಯಿತು. ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಹದಿನೆಂಟು. ಗಂಡಸರು ಚರ್ಚಿನ ಹೊರಗೆ ಮರ್ಲಿನ್‌ನನ್ನು ಸುತ್ತುವರಿದು ಮೆಲ್ಲಗೆ ವಿಚಾರಿಸಿದರು. ಮರ್ಲಿನ್ ಮೊದಲು ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಟೋಪಿ ಸರಿಮಾಡಿಕೊಂಡು, ಮೋಡ ನೋಡಿ, "ನೋಡೋಣ" ಎಂದ. ಜನ್ಮದಲ್ಲಿ ಅವನನ್ನು ಇಷ್ಟು ಮಂದಿ ಒಟ್ಟಿಗೆ ಮಾತಾಡಿಸಿರಲಿಲ್ಲ. ದೂರದಿಂದ ನೋಡುತ್ತಿದ್ದ ಆರ್ಡಿಸ್ ಕೈಚೀಲದಲ್ಲಿ ಮುಖ ಹುದುಗಿಸಿ ನಕ್ಕಳು. ಇನ್ನು ನಾಯಿಯ ಒಂದು ರೋಮವನ್ನೂ ಯಾರೂ ಅಳಿಸುವುದಿಲ್ಲ. ಕಂಡವರು ಓಡಿಬಂದು ಹೇಳುತ್ತಾರೆ ಎಂದು ಲೆಕ್ಕ ಹಾಕಿದಳು.

ಲೆಕ್ಕದ ಮೊದಲರ್ಧ ಸರಿಯಾಗಿತ್ತು. ಯಾರೂ ಅಳಿಸಲಿಲ್ಲ. ಯಾರೂ ಹೇಳಲೂ ಇಲ್ಲ. ಸೋಮವಾರ ಅಂಗಡಿ ಬಾಗಿಲಿನ ಚೀಟಿ ಮಾಯವಾಗಿತ್ತು. ಇನ್ನೊಂದು ಅಂಟಿಸಿದಳು, ಅದೂ ಮಧ್ಯಾಹ್ನದೊಳಗೆ ಹೋಯಿತು. ನಾಯಿ ಕಂಡೆ ಎಂದರೆ ಎಲ್ಲಿ ಎಂದು ಹೇಳಬೇಕು, ಎಲ್ಲಿ ಎಂದರೆ ಹದಿನೆಂಟು ಕವಲು ಊರಪಾಲು. ಹೀಗಾಗಿ ಎಲ್ಲರ ಬಾಯಿಗೂ ಬೀಗ. ಆದರೆ ಗಲ್ಲಾಕ್ಕೆ ಬೀಗ ಇರಲಿಲ್ಲ. ಜನ್ಮದಲ್ಲಿ ನಾಯಿ ಸಾಕದವರು ನಾಯಿತಿಂಡಿಯ ಚೀಲ ಹೊತ್ತುಕೊಂಡು ಗಲ್ಲಾಕ್ಕೆ ಬರತೊಡಗಿದರು. ಒಬ್ಬ, ತಂಗಿಯ ಮನೆಯಿಂದ ನಾಯಿ ಬಂದಿದೆ ಎಂದ. ಅವನಿಗೆ ತಂಗಿಯೇ ಇರಲಿಲ್ಲ. ಇನ್ನೊಬ್ಬ ಈರುಳ್ಳಿ ಕೊಳ್ಳುತ್ತ, ಗ್ರೇವಿಗೆ ಕೋಳಿ ಇಷ್ಟವೋ ದನವೋ ಎಂದು ಸುಮ್ಮನೆ ಕೇಳಿದ. ಜಿಂಕೆಗೆ ಜೋಳ ಸುರಿದು ಕರೆಯುವುದು ಅಲ್ಲಿ ಕಾನೂನಿಗೆ ವಿರೋಧ. ನಾಯಿಗೆ ಊಟ ಇಡಬಾರದೆಂದು ಯಾವ ಕಾನೂನಿನಲ್ಲೂ ಬರೆದಿರಲಿಲ್ಲ. ಊಟದ ಆಸೆ ತೋರಿಸಿ ನಾಯಿಯನ್ನು ತಮ್ಮ ಜಾಗಕ್ಕೆ ಎಳೆದರೆ ಜಿಂಕೆ ಹಿಂದೆಯೇ ಬರುತ್ತದೆ ಎಂಬುದು ಅವರ ತರ್ಕ.

ಬುಧವಾರದವರೆಗೂ ಆರ್ಡಿಸ್‌ಗೆ ಇದೆಲ್ಲ ತಮಾಷೆಯಾಗಿಯೇ ಇತ್ತು. ಬುಧವಾರ ಮಧ್ಯಾಹ್ನ ಏಳನೆಯ ಚೀಲಕ್ಕೆ ಚಿಲ್ಲರೆ ಎಣಿಸುತ್ತಿದ್ದಾಗ ಅವಳ ಕೈ ನಿಂತಿತು. ಶನಿವಾರ ಬೆಳಿಗ್ಗೆ ಇವರೆಲ್ಲ ಬಂದೂಕು ಹಿಡಿದು ಎಲ್ಲಿ ಕೂರುತ್ತಾರೆ? ನಾಯಿಗೆ ಊಟ ಇಟ್ಟಲ್ಲಿ. ನಾಯಿ ಎಲ್ಲಿಗೆ ಬರುತ್ತದೆ? ಅಲ್ಲಿಗೇ. ಕಾಡಿನಲ್ಲಿ ಎಲ್ಲೋ ಒಂದು ಕಡೆ ಸುಮ್ಮನೆ ಬದುಕಿಕೊಂಡಿದ್ದ ಗ್ರೇವಿಯನ್ನು ಅವಳ ಸುಳ್ಳೇ ಕರೆತಂದು ಬಂದೂಕಿನ ತುದಿಗೆ ನಿಲ್ಲಿಸಿತ್ತು. ಹಾಲಿನ ಡಬ್ಬಿಗಳನ್ನಿಡುವ ತಣ್ಣನೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ತನ್ನ ಬುದ್ಧಿವಂತಿಕೆಗೆ ತಾನೇ ಶಾಪ ಹಾಕಿಕೊಂಡಳು. ಕಣ್ಣೊರೆಸಿಕೊಂಡು ಹೊರಗೆ ಬಂದಾಗ ಎಂಟನೆಯ ಚೀಲದವನು ಕಾಯುತ್ತಿದ್ದ.

ಗುರುವಾರ ಡುವೇನ್ ಬಂದ. ಸೋಮವಾರ ಒಂದು ಚೀಲ, ಬುಧವಾರ ಒಂದು ಚೀಲ ಒಯ್ದವನು ಅವನು. ಉಳಿದವರ್ಯಾರೂ ಎರಡನೆಯ ಚೀಲ ಕೇಳಿರಲಿಲ್ಲ. ಅವನು ಬಹಳ ಹೊತ್ತು ನಾಯಿತಿಂಡಿಯ ಕಪಾಟಿನ ಮುಂದೆ ನಿಂತು, ಚೀಲಗಳನ್ನು ತಿರುಗಿಸಿ ತಿರುಗಿಸಿ ಓದಿದ. ಕಡೆಗೆ ಗಲ್ಲಾದ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ.

"ಆರ್ಡಿಸ್, ಇದ್ರಲ್ಲಿ ಹಸಿರು ಕಾಳು ಇಲ್ದೇ ಇರೋದು ಬರಲ್ವಾ?"

ಮುಖದಲ್ಲಿ ಏನನ್ನೂ ತೋರಿಸದೆ, ಬರುವುದಿಲ್ಲ ಎಂದಳು. ಹಾಗಾದರೆ ಇದನ್ನೇ ಕೊಡು ಎಂದ ಡುವೇನ್. ಹಸಿರನ್ನು ಯಾರು ಉಗುಳುತ್ತಿದ್ದಾರೆ ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಅವಳು ಮರ್ಲಿನ್‌ನ ತಟ್ಟೆಗೆ ಆಲೂಗಡ್ಡೆ ಬಡಿಸಿ, ಸೌಟನ್ನು ಕೆಳಗಿಡದೆ ಮಾತು ತೆಗೆದಳು.

"ಅಲ್ಲಿ ಯಾವ ಗಂಡು ಜಿಂಕೇನೂ ಇಲ್ಲ ಮರ್ಲಿನ್. ಹದಿನಾಲ್ಕು ಕವಲು ನಾನೇ ಹುಟ್ಟಿಸಿದ್ದು."

ಮರ್ಲಿನ್ ಅಗಿಯುವುದನ್ನು ನಿಲ್ಲಿಸಿದ. "ಇಲ್ವಾ?"

"ನಿನ್ನ ಕ್ಯಾಮೆರಾ ಅಲ್ವಾ, ನಿಂಗೇ ಗೊತ್ತಿರ್ಬೇಕಿತ್ತು."

"ಅಳಿಸಿದ್ರಲ್ಲಿ ಇತ್ತೇನೋ ಅಂದ್ಕೊಂಡೆ," ಎಂದ ಅವನು ಸಣ್ಣ ದನಿಯಲ್ಲಿ. ಐದು ದಿನ ಅನುಭವಿಸಿದ ದೊಡ್ಡಸ್ತಿಕೆ ಅವನ ಮುಖದಿಂದ ಇಳಿದುಹೋಗುವುದನ್ನು ನೋಡಿ ಆರ್ಡಿಸ್‌ಗೆ ಕೊಂಚ ಪಾಪ ಎನಿಸಿತು. ಆದರೆ ಬಿಡಲಿಲ್ಲ. ಡುವೇನ್‌ನ ಜಾಗ ಯಾವುದು ಎಂದು ಕೇಳಿದಳು. ತನಗೆ ಹೇಗೆ ಗೊತ್ತಿರುತ್ತದೆ ಎಂದು ಅವನು ಆಲೂಗಡ್ಡೆಗೆ ಉತ್ತರ ಹೇಳಿದ.

"ನಾಡಿದ್ದು ಅಲ್ಲಿ ಬಂದೂಕು ಇರತ್ತೆ," ಎಂದಳು ಆರ್ಡಿಸ್. "ಗ್ರೇವಿ ಬಣ್ಣ ಯಾವ್ದು, ಹೇಳು ನೋಡೋಣ."

ಮರ್ಲಿನ್ ಫೋರ್ಕ್ ಕೆಳಗಿಟ್ಟ.

"ಅವತ್ತು ಶನಿವಾರ ಅದು ಅಲ್ಲೇ ಇತ್ತು ಆರ್ಡಿಸ್. ನಾನು ಹೆಸರು ಹಿಡ್ದು ಕೂಗ್ದೆ. ನನ್ನ ಮುಖ ನೋಡ್ತು. ನೋಡಿ ಓಡ್ತು. ನನ್ನ ನೋಡಿ ಓಡ್ತು ಅಂತ ನಿನ್ನ ಹತ್ರ ಹೇಗ್ ಹೇಳ್ಲಿ?"

ಆರ್ಡಿಸ್ ಸೌಟು ಕೆಳಗಿಟ್ಟಳು. ಅವಳು ಒಂಬತ್ತು ದಿನದಿಂದ ತನ್ನೊಬ್ಬಳ ಹೆಗಲು ಮಾತ್ರ ಖಾಲಿ ಎಂದುಕೊಂಡಿದ್ದಳು. ಅವಳಿಗೆ ನಾಚಿಕೆಯಾಯಿತು. ಎದ್ದು ಹೋಗಿ ಅವನಿಗೆ ಕಾಫಿ ಬಗ್ಗಿಸಿದಳು. ಕಾಫಿ ಅರ್ಧ ಖಾಲಿಯಾಗುವಷ್ಟರಲ್ಲಿ ನಲವತ್ತೊಂದು ವರ್ಷದ ಗುಟ್ಟು ಹೊರಗೆ ಬಂತು. ಹಳೇ ರೈಲುದಾರಿಯ ಆಚೆ, ಸೀಡರ್ ಮರಗಳ ಜೌಗು. ಅಲ್ಲಿ ಒಂದು ಮರಕ್ಕೆ ಮರ್ಲಿನ್‌ನ ಕ್ಯಾಮೆರಾ, ಗ್ರೇವಿ ಬಿದ್ದಿದ್ದು ಅದರಲ್ಲೇ. ಎದುರಿನ ಬರ್ಚ್ ಮರಕ್ಕೆ ಡುವೇನ್‌ನದು. ನಡುವೆ ಇಪ್ಪತ್ತು ಹೆಜ್ಜೆ. ಒಂಬತ್ತು ವರ್ಷದಿಂದ ಡುವೇನ್ ಮರ್ಲಿನ್‌ನ ಕ್ಯಾಮೆರಾದಲ್ಲಿ ಬೀಳುತ್ತಲೇ ಇದ್ದ.

"ಹಾಗಿದ್ರೆ ನೀನೂ ಅವನ ಕ್ಯಾಮೆರಾದಲ್ಲಿ ಬಿದ್ದಿರ್ತೀಯಲ್ಲ. ಅವನ್ಯಾಕೆ ಏನೂ ಹೇಳ್ಲಿಲ್ಲ?"

"ನಂಗೂ ಕೊಂಬಿಲ್ವಲ್ಲ," ಎಂದ ಮರ್ಲಿನ್. ಆರ್ಡಿಸ್‌ಗೆ ನಕ್ಕು ನಕ್ಕು ಕಾಫಿ ನೆತ್ತಿಗೇರಿತು.

ಶುಕ್ರವಾರ ಅಂಗಡಿಗೆ ರಜೆ ಹೇಳಿ, ಮಧ್ಯಾಹ್ನ ಇಬ್ಬರೂ ಗಾಡಿಯಲ್ಲಿ ಹೊರಟರು. ರೈಲುದಾರಿಯ ಹತ್ತಿರ ಮರ್ಲಿನ್ ತಾನಾಗಿಯೇ ಗಾಡಿಯಲ್ಲಿ ಉಳಿದ. ತಾನು ಕಂಡರೆ ಅದು ಮತ್ತೆ ಓಡುತ್ತದೆ ಎಂದ. ಆರ್ಡಿಸ್ ಒಬ್ಬಳೇ ಜೌಗಿಗೆ ಇಳಿದಳು. ಬರ್ಚ್ ಮರದ ಬುಡದಲ್ಲಿ ಡುವೇನ್‌ನ ತಗಡಿನ ಬೋಗುಣಿ ಇತ್ತು, ತುಂಬ ನಾಯಿತಿಂಡಿ. ಸುತ್ತ ಉಗುಳಿದ ಹಸಿರು ಕಾಳುಗಳು.

ಅವಳು ಬೋಗುಣಿಯನ್ನು ಮಡಿಲಿಗೆಳೆದುಕೊಂಡು, ಕಾಡಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತಳು. ಚೀಲದಿಂದ ಕಾಫಿ ಡಬ್ಬಿ ತೆಗೆದಳು. ಹೆಸರು ಹಿಡಿದು ಕೂಗಲಿಲ್ಲ. ಒಂದೊಂದೇ ಹಸಿರು ಕಾಳು ಆರಿಸಿ ಡಬ್ಬಿಗೆ ಹಾಕತೊಡಗಿದಳು. ಟಣ್. ಟಣ್. ತೇವಕ್ಕೆ ಲಂಗ ನೆನೆಯಿತು, ಮಂಡಿ ಮರಗಟ್ಟಿತು. ಡಬ್ಬಿ ಕಾಲು ಭಾಗ ತುಂಬಿತು. ಹಿಂದೆ ಎಲ್ಲೋ ಒಂದು ಕಡ್ಡಿ ಮುರಿಯಿತು. ತಿರುಗಿ ನೋಡಬೇಕೆಂಬ ಆಸೆಯನ್ನು ಹಲ್ಲು ಕಚ್ಚಿ ತಡೆದಳು. ಟಣ್. ಮತ್ತೊಂದು ಕಡ್ಡಿ ಮುರಿಯಿತು. ಮೂಗಿನ ಬಿಸಿ ಉಸಿರು ಕತ್ತಿಗೆ ತಾಕಿತು. ಆಮೇಲೆ ಒಂದು ಭಾರವಾದ, ಕೊಳಕಾದ, ಜೌಗಿನ ನಾತ ಹೊಡೆಯುವ ಗದ್ದ ಅವಳ ಎಡ ಹೆಗಲ ಮೇಲೆ ಕೂತಿತು.

ಆರ್ಡಿಸ್ ಅಳುತ್ತಲೇ ಕಾಳು ಆರಿಸಿದಳು, ಏಕೆಂದರೆ ಊಟ ಪೂರ್ತಿಯಾಗದೆ ಗ್ರೇವಿ ಎಲ್ಲಿಗೂ ಬರುವ ಜಾತಿಯಲ್ಲ. ತಿಂದು ಮುಗಿಸಿದ ಮೇಲೆ ಅದಕ್ಕೆ ಹಗ್ಗ ಹಾಕಿದಳು. ಡುವೇನ್‌ನ ಉಪಚಾರದಲ್ಲಿ ಅದು ಒಂದು ಸುತ್ತು ದಪ್ಪಗಾಗಿತ್ತು. ಡಬ್ಬಿಯ ಹಸಿರು ಕಾಳನ್ನೆಲ್ಲ ಅಲ್ಲೇ ನೆಲಕ್ಕೆ ಸುರಿದು ಹೊರಟಳು. ಗಾಡಿಯ ಹತ್ತಿರ ಮರ್ಲಿನ್ ಉಸಿರು ಬಿಗಿಹಿಡಿದು ಬೇರೆ ಕಡೆ ಮುಖ ಮಾಡಿಕೊಂಡು ನಿಂತಿದ್ದ. ಗ್ರೇವಿ ಅವನ ಬೂಟು ಮೂಸಿತು, ಯೋಚಿಸಿತು, ಮತ್ತೆ ಮೂಸಿತು. ಕಡೆಗೆ ಅವನ ಪಕ್ಕದ ಸೀಟಿಗೆ ಹತ್ತಿ ಕೂತಿತು. ಮನೆ ಬರುವವರೆಗೂ ಮರ್ಲಿನ್ ಗೇರು ಬದಲಿಸುವಾಗಲೂ ಸದ್ದು ಮಾಡಲಿಲ್ಲ.

ಡುವೇನ್ ಮೂರು ಚೀಲ ಒಯ್ದ ಸುದ್ದಿ ಊರಲ್ಲಿ ಹಬ್ಬಿತ್ತು; ಶನಿವಾರ ಅವನ ಜಾಡು ಹಿಡಿದು ಆ ಜೌಗಿನ ಸುತ್ತ ಇಪ್ಪತ್ತಮೂರು ಕಿತ್ತಳೆ ಅಂಗಿಗಳು ಕೂತಿದ್ದವು. ಬೆಳಕು ಹರಿದಾಗ ಪ್ರತಿಯೊಬ್ಬನಿಗೂ ಉಳಿದ ಇಪ್ಪತ್ತೆರಡು ಮಂದಿ ಕಂಡರಂತೆ. ಜಿಂಕೆ ಒಂದೂ ಕಾಣಲಿಲ್ಲ. ಮಧ್ಯಾಹ್ನ ಅಂಗಡಿಗೆ ಬಂದ ಡುವೇನ್, ಗಲ್ಲಾದ ಕೆಳಗೆ ಕಿತ್ತಳೆ ಅಂಗಿ ತೊಟ್ಟು ಮಲಗಿದ್ದ ಗ್ರೇವಿಯನ್ನು ನೋಡಿದ, ಆರ್ಡಿಸ್‌ಳನ್ನು ನೋಡಿದ. ಇನ್ನೂ ತೆರೆಯದ ಒಂದು ಚೀಲ ನಾಯಿತಿಂಡಿಯನ್ನು ಗಲ್ಲಾದ ಮೇಲಿಟ್ಟು, ಇದು ಅದರದ್ದೇ ಎಂದು ಗೊಣಗಿ ಹೊರಟುಹೋದ.

ಭಾನುವಾರ ಮಧ್ಯಾಹ್ನ ಮರ್ಲಿನ್ ಜೌಗಿನ ಕ್ಯಾಮೆರಾದ ಕಾರ್ಡು ತಂದು ಅಡುಗೆಮನೆಯಲ್ಲಿ ಕೂತ. ಗ್ರೇವಿ ಮೇಜಿನ ಕೆಳಗೆ, ಆರ್ಡಿಸ್ ಪಕ್ಕದಲ್ಲಿ. ಡುವೇನ್ ಬಂದ, ಟಕ್. ರಕೂನ್ ಬಂತು, ಟಕ್. ಆಮೇಲೆ ಶುಕ್ರವಾರದ ಚಿತ್ರ ಬಂತು. ಒದ್ದೆ ಲಂಗದಲ್ಲಿ ನೆಲದ ಮೇಲೆ ಕೂತ ಒಬ್ಬ ದಪ್ಪ ಹೆಂಗಸು, ಅವಳ ಹೆಗಲ ಮೇಲೆ ಒಂದು ನಾಯಿಯ ಗದ್ದ. ಎಲ್ಲೂ ಕೊಂಬಿರಲಿಲ್ಲ. ಮರ್ಲಿನ್‌ನ ಬೆರಳು ಮೇಲೆದ್ದಿತು, ಅಲ್ಲೇ ನಿಂತಿತು. ಅವನು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಆ ಚಿತ್ರವನ್ನು ಬಿಟ್ಟು ಮುಂದಕ್ಕೆ ಹೋದ. ಆರ್ಡಿಸ್ ಅವನ ಭುಜಕ್ಕೆ ಭುಜ ತಾಗಿಸಿ ಕೂತಳು.

ಮುಂದಿನ ಚಿತ್ರ ಅದೇ ಶುಕ್ರವಾರದ್ದು, ಅವರು ಹೊರಟು ನಲವತ್ತು ನಿಮಿಷದ ಮೇಲಿನದು. ಅವಳು ಸುರಿದುಬಂದ ಹಸಿರು ಕಾಳಿನ ರಾಶಿಗೆ ಮೂತಿ ಇಟ್ಟು ಒಂದು ಗಂಡು ಜಿಂಕೆ ನಿಂತಿತ್ತು. ಮರ್ಲಿನ್‌ನ ತುಟಿ ಅಲುಗಿತು. ಒಂದು, ಎರಡು, ಮೂರು ಎಂದು ಎಣಿಸುತ್ತ ಹೋದವನು ಹದಿನಾಲ್ಕಕ್ಕೆ ಬಂದು ನಿಂತ. ಫೋನಿಗಾಗಿ ಜೇಬು ತಡಕಿದ, ಊರಿಗೆಲ್ಲ ತೋರಿಸಬೇಕಲ್ಲ.

ಆರ್ಡಿಸ್ ಅವನ ಮೇಲಿಂದ ಕೈ ಚಾಚಿದಳು. ಟಕ್.

ಮರ್ಲಿನ್ ಖಾಲಿ ಪರದೆಯನ್ನೂ ಹೆಂಡತಿಯನ್ನೂ ಬಾಯಿಬಿಟ್ಟು ನೋಡಿದ. "ಏನ್ ಮಾಡ್ದೆ ನೀನು?"

"ಅದನ್ನೆಲ್ಲ ಯಾರ್ ನೋಡ್ತಾರೆ?" ಎಂದಳು ಆರ್ಡಿಸ್. "ನಾಯಿ ಇರ್ಲಿಲ್ಲ."